ಯಾವ ಸಂತೆಯೂ ಇಲ್ಲದ ದಿನ

ಒಣಮೆಣಸಿನಕಾಯಿಯ ಘಾಟು ಮೂಗಿಗೆ ಬಡಿದರೆ ಎಲ್ಲರಿಗೂ ಸೀನು ಬರುತ್ತದೆ. ನನಗೆ ಸೀನಿನ ಜೊತೆಗೆ ಎದೆಯೂ ಡವಡವ ಹೊಡೆದುಕೊಳ್ಳುತ್ತದೆ. ಮೊನ್ನೆ ದಾವಣಗೆರೆಯಿಂದ ಸೊರಬಕ್ಕೆ, ನನ್ನ ತವರಿಗೆ ಹೊರಟಿದ್ದಾಗ ಬಸ್ಸು ಶಿರಾಳಕೊಪ್ಪದಲ್ಲಿ ನಿಂತಿತು. ಕಿಟಕಿಯಾಚೆ ಯಾರೋ ಮೆಣಸಿನಕಾಯಿ ಚೀಲ ಬಿಚ್ಚಿ ತಾಡಪಾಲಿನ ಮೇಲೆ ಸುರಿಯುತ್ತಿದ್ದರು. ಶುರುವಾಯಿತು ನೋಡಿ ಸೀನು, ಒಂದರ ಹಿಂದೆ ಒಂದು. ಸೀನುತ್ತಲೇ ನಗುತ್ತಿದ್ದೆ. ಪಕ್ಕದ ಸೀಟಿನ ಕಾಲೇಜು ಹುಡುಗಿ ಗಾಬರಿಯಿಂದ, “ಆಂಟಿ, ಆರಾಮಿದ್ದೀರಾ?” ಎಂದಳು. “ಆರಾಮಿದ್ದೀನಿ ಮಾರಾಯ್ತಿ, ಇದೇ ರಸ್ತೆಯಲ್ಲಿ ಒಂದ್ಸಲ ಸ್ಕೂಟಿ ಓಡಿಸಿದ್ದೆ, ಅದು ನೆನಪಾಯ್ತು” ಎಂದೆ. ಅವಳು ತನ್ನ ಮೊಬೈಲಿಗೆ ವಾಪಸ್ಸಾದಳು. ಸ್ಕೂಟಿ ಓಡಿಸಿದ್ದಕ್ಕೆ ಇಷ್ಟು ನಗುವವರನ್ನು ಅವಳು ನೋಡಿರಲಿಕ್ಕಿಲ್ಲ.

ಆ ವರ್ಷ ನಾನು ಶಿಕಾರಿಪುರ ತಾಲೂಕಿನ ಒಂದು ಸಣ್ಣ ಆಸ್ಪತ್ರೆಯಲ್ಲಿ ಔಷಧಿ ಕೊಡುವ ಕಿಟಕಿಯ ಹಿಂದೆ ಕೂರುತ್ತಿದ್ದೆ. ಆಸ್ಪತ್ರೆಯ ಹೆಸರು ಬೇಡ, ಈಗ ಅದು ಕೈ ಬದಲಾಗಿ ಹೆಸರೂ ಬದಲಾಗಿದೆ. ಫಾರ್ಮಸಿ ಓದಿ, ಅಲ್ಲಿ ಇಲ್ಲಿ ಮೆಡಿಕಲ್ ಅಂಗಡಿಗಳಲ್ಲಿ ದುಡಿದು, ಅಂತೂ ಇಂತೂ ಸಿಕ್ಕಿದ ಕೆಲಸ. ‘ಕಿಟಕಿ ಮೇಡಂ ಬಾಯಿ ಜೋರು’ ಎಂಬ ಬಿರುದು ಮೊದಲ ವಾರವೇ ಬಂತು. ಬರಲಿ ಬಿಡಿ. ಅಂಗೈಯಗಲದ ಕಿಂಡಿಯೊಳಗೆ ಊರವರೆಲ್ಲ ಒಟ್ಟಿಗೇ ಕೈ ತೂರಿಸಿ “ನಂದು ಮೊದ್ಲು ಕೊಡ್ರಿ, ಬಸ್ ಹೋಗ್ತತಿ” ಎನ್ನುವಾಗ ಮೆಲ್ಲಗೆ ಮಾತಾಡಿದರೆ ಯಾರಿಗೆ ಕೇಳುತ್ತದೆ?

ಮುಂಗಾರು ಹಿಡಿಯುವ ಹೊತ್ತಿಗೆ ನಮ್ಮಲ್ಲಿಗೆ ವೀಣಾ ಮೇಡಂ ಬಂದರು. ಹಾಸನದ ಕಡೆಯ ಡಾಕ್ಟರು. ಕಡ್ಡಿಯ ಹಾಗಿದ್ದರು, ಆದರೆ ನಡೆದರೆ ಹಿಂದೆ ನಾವು ಓಡಬೇಕು. ಬಂದ ದಿನವೇ ನನ್ನ ರ‍್ಯಾಕುಗಳನ್ನೆಲ್ಲ ತಡಕಾಡಿ ಕೆಲವು ಔಷಧಿಗಳನ್ನು ಹೊರಗೆಳೆದು ಮೇಜಿನ ಮೇಲೆ ಸಾಲಾಗಿ ಇಟ್ಟರು. ಇನ್ಸುಲಿನ್, ರಕ್ತ ಹೆಪ್ಪುಗಟ್ಟದಂತೆ ಕೊಡುವ ಇಂಜೆಕ್ಷನ್, ಡ್ರಿಪ್ಪಿಗೆ ಸೇರಿಸುವ ಪೊಟ್ಯಾಸಿಯಂ, ಮತ್ತೆ ಕೀಲುವಾತಕ್ಕೆ ಕೊಡುವ ಒಂದು ಪುಟ್ಟ ಹಳದಿ ಮಾತ್ರೆ.

“ಸುಮಾ, ಬೇರೆ ಔಷಧಿಯಲ್ಲಿ ಒಂಚೂರು ತಪ್ಪಾದ್ರೆ ಹೊಟ್ಟೆ ಕೆಡಬಹುದು, ತಲೆ ಸುತ್ತಬಹುದು. ಇವುಗಳಲ್ಲಿ ಒಂಚೂರು ತಪ್ಪಾದ್ರೆ ಮನುಷ್ಯರೇ ಹೋಗಿಬಿಡ್ತಾರೆ. ಇವತ್ತಿಂದ ಇವಕ್ಕೆ ಬೇರೆ ಕಪಾಟು, ಬೇರೆ ಬೀಗ,” ಎಂದರು.

ಕಪಾಟಿನ ಬಾಗಿಲಿಗೆ ಕೆಂಪು ಕಾಗದ ಅಂಟಿತು. ಅದರೊಳಗಿನದು ಏನನ್ನೇ ತೆಗೆದರೂ ಇಬ್ಬರು ನೋಡಬೇಕು, ಇಬ್ಬರೂ ಗಟ್ಟಿಯಾಗಿ ಓದಬೇಕು. ಔಷಧಿಯ ಹೆಸರು, ಪ್ರಮಾಣ, ಯಾರಿಗೆ ಎಂಬುದು. ಮೊದಮೊದಲು ನರ್ಸುಗಳೂ ನಾನೂ ಮುಖ ಮುಖ ನೋಡಿಕೊಂಡು ಕಿಸಕ್ಕೆಂದು ನಗುತ್ತಿದ್ದೆವು, ನಾಟಕದ ಮಾತು ಒಪ್ಪಿಸಿದ ಹಾಗೆ. ಆಮೇಲೆ ಅದೇ ಒಂದು ಹುರುಪಾಯಿತು. ಅಬ್ಬಾ, ಏನು ಹುರುಪು ಅಂತೀರಿ! ಯಾರು ಯಾರ ತಪ್ಪು ಹಿಡಿಯುತ್ತಾರೆ ಎಂದು ಪೈಪೋಟಿ. ನನ್ನ ಕೆಲಸಕ್ಕೆ ಒಂದು ತೂಕ ಬಂದದ್ದು ಆ ಮಳೆಗಾಲದಲ್ಲಿ. ಬೆಳಿಗ್ಗೆ ಎದ್ದರೆ ಯಾವಾಗ ಆಸ್ಪತ್ರೆಗೆ ಹೋದೇನು ಅನ್ನಿಸುತ್ತಿತ್ತು.

ಎಲ್ಲದಕ್ಕಿಂತ ತಲೆನೋವು ಕೊಟ್ಟದ್ದು ಆ ಹಳದಿ ಮಾತ್ರೆ. ಮೆಥೊಟ್ರೆಕ್ಸೇಟ್ ಎಂದು ಅದರ ಹೆಸರು. ಕೈಕಾಲಿನ ಗಂಟುಗಳು ಊದಿ ಬೆರಳು ಮಡಚಲಾಗದವರಿಗೆ ವಾರಕ್ಕೊಂದು ದಿನ ಕೊಟ್ಟರೆ ಅದು ದೇವರಂಥ ಮಾತ್ರೆ. ಅದನ್ನೇ ದಿನಾ ನುಂಗಿದರೆ ಮೈಯಲ್ಲಿ ರಕ್ತ ಹುಟ್ಟುವ ಜಾಗಕ್ಕೇ ಪೆಟ್ಟು. ಬಾಯಿಯಿಂದ ಕರುಳಿನವರೆಗೆ ಹುಣ್ಣು. ಆಮೇಲೆ ಜ್ವರ, ಆಮೇಲೆ ಹೇಳುವುದು ಬೇಡ. ಆದರೆ ನಮ್ಮ ಜನಕ್ಕೆ ಮಾತ್ರೆ ಅಂದರೆ ದಿನಾ ನುಂಗುವುದು. ವಾರಕ್ಕೊಮ್ಮೆ ಎಂದರೆ, ಅಷ್ಟು ಕಮ್ಮಿ ತಗೊಂಡರೆ ಗುಣವಾದೀತೇ ಎಂಬ ಅನುಮಾನ.

“ಭಾನುವಾರ ಊಟ ಆದ್ಮೇಲೆ ತಗೊಳ್ಳಿ” ಎಂದು ಮೇಡಂ ಒಬ್ಬ ರೈತನಿಗೆ ಹೇಳಿದರು. ಅವನು, “ಭಾನುವಾರ ಯಾವತ್ತು ಬರ್ತತೋ ಏನೋ ರೀ. ನಮ್ಮ ಎಮ್ಮಿಗೆ ಭಾನುವಾರ ಸೋಮವಾರ ಅಂತ ಐತೇನ್ರಿ? ದಿನಾ ಹಿಂಡಬೇಕು” ಎಂದ. ಮೇಡಂ ಅಂದು ನಕ್ಕರೂ ಸಂಜೆಯವರೆಗೂ ಯೋಚಿಸುತ್ತಿದ್ದರು. ಮರುದಿನ ಕಸ ಗುಡಿಸುವ ಗಂಗಮ್ಮನನ್ನು ಕೇಳಿದರು, “ನಿಮ್ಮೂರಲ್ಲಿ ವಾರ ತಿರುಗಿತು ಅಂತ ಹೇಗೆ ಗೊತ್ತಾಗುತ್ತೆ ಗಂಗಮ್ಮ?” ಗಂಗಮ್ಮ ಪೊರಕೆ ನಿಲ್ಲಿಸದೆಯೇ, “ಸಂತಿ ಬಂತಲ್ರೀ” ಎಂದಳು. ಮೇಡಂ ಚಪ್ಪಾಳೆ ತಟ್ಟಿಬಿಟ್ಟರು.

ಅಲ್ಲಿಂದ ನಮ್ಮಲ್ಲಿ ಒಂದೇ ಮಂತ್ರ. ಸಂತೆ ದಿನ ಮಧ್ಯಾಹ್ನ ಊಟವಾದ ಮೇಲೆ ಹಳದಿ ಮಾತ್ರೆ, ಬೇರೆ ದಿನ ಮುಟ್ಟುವ ಹಾಗಿಲ್ಲ. ಎಷ್ಟು ಸಲೀಸಾಗಿ ತಲೆಗೆ ಹೋಯಿತು ಗೊತ್ತೇ! ಅಕ್ಷರ ಬಾರದ ಅಜ್ಜಿಯರೂ ತಪ್ಪಿಸುತ್ತಿರಲಿಲ್ಲ. ಮುಂದಿನ ತಿಂಗಳು ಬಂದವರು ಬೆರಳು ಮಡಚಿ ಬಿಚ್ಚಿ ತೋರಿಸುತ್ತಿದ್ದರು. ನಾವೆಲ್ಲ ಉಬ್ಬಿಹೋಗಿದ್ದೆವು. ಸಿಕ್ಕಸಿಕ್ಕವರಿಗೆಲ್ಲ ಇದನ್ನೇ ಹೇಳಿಕೊಂಡು ತಿರುಗುತ್ತಿದ್ದೆ. ನನ್ನ ಅಣ್ಣ ಫೋನಿನಲ್ಲಿ, “ನಿಮ್ಮ ಸಂತೆ ಪುರಾಣ ಸಾಕು ಮಾರಾಯ್ತಿ, ಊಟ ಆಯ್ತಾ ಹೇಳು” ಎನ್ನುವಷ್ಟು.

ಮೇಡಂ ಇನ್ನೊಂದು ಕಟ್ಟುನಿಟ್ಟು ಮಾಡಿದ್ದರು. ಆ ಮಾತ್ರೆಯನ್ನು ಒಂದು ತಿಂಗಳಿಗೆ ಆಗುವಷ್ಟೇ ಕೊಡಬೇಕು, ಹೆಚ್ಚಿಗೆ ಒಂದೂ ಕೂಡದು. ಇದಕ್ಕೆ ಮಾತ್ರ ಕಿಟಕಿಯಲ್ಲಿ ದಿನಾ ಜಗಳ. “ಅಷ್ಟು ದೂರದಿಂದ ಬರ್ತೀವ್ರಿ, ಮೂರ್ ತಿಂಗಳದ್ದು ಒಮ್ಮಿಗೇ ಕೊಟ್ರ ನಿಮ್ಮ ಗಂಟೇನ್ ಹೋಕ್ಕತಿ?” ಎಂದು ಅವರು. “ಕೊಡೋದಿಲ್ಲ ಅಂದ್ರೆ ಕೊಡೋದಿಲ್ಲ” ಎಂದು ನಾನು. ನನ್ನ ಜೋರು ಬಾಯಿಗೆ ಅಂತೂ ಒಂದು ಒಳ್ಳೆಯ ಉಪಯೋಗ ಸಿಕ್ಕಿತ್ತು.

ಚೌಡಮ್ಮ ಬಂದದ್ದು ದಸರೆಯ ಹೊತ್ತಿನ ಚಿತ್ತೆ ಮಳೆಯಲ್ಲಿ. ತಾಳಗುಂದದ ಹತ್ತಿರದ ಹಳ್ಳಿಯವರು, ಐವತ್ತು ದಾಟಿದ ಗಟ್ಟಿ ಹೆಂಗಸು. ಹಣೆಯ ತುಂಬ ಕುಂಕುಮ, ಮಾತಿನಲ್ಲಿ ನನಗಿಂತ ಜೋರು. ಕೈ ಮಾತ್ರ ನೋಡಲಾಗದು, ಬೆರಳಿನ ಗಂಟುಗಳು ಊದಿ ಮುಷ್ಟಿ ಕಟ್ಟಲೂ ಆಗದು, ಬಿಚ್ಚಲೂ ಆಗದು. ಜೊತೆಗೆ ಗಂಡ ಈರಪ್ಪ, ಸಣ್ಣ ದನಿಯ ಸಾಧು ಮನುಷ್ಯ. ಏನು ಕೆಲಸ ಮಾಡಿಕೊಂಡಿದ್ದೀರಿ ಎಂದು ಮೇಡಂ ಕೇಳಿದಾಗ ಈರಪ್ಪ, “ಹೊಲ ಐತ್ರಿ, ಮೆಕ್ಕೆಜೋಳ” ಎಂದರು. ಈ ಸೀಮೆಯಲ್ಲಿ ಅದೊಂದು ರೂಢಿ. ತುಂಡು ಹೊಲವಿದ್ದರೂ ಸಾಕು, ಬೇರೆ ಏನೇ ದಂಧೆ ಮಾಡಿ ಹೊಟ್ಟೆ ಹೊರೆಯುತ್ತಿದ್ದರೂ ಕೇಳಿದವರಿಗೆ ಹೊಲದ ಹೆಸರನ್ನೇ ಹೇಳುತ್ತಾರೆ. ಹೊಲವಿದ್ದದ್ದೂ ನಿಜವೇ. ಮುಂದೆ ಯಾರೂ ಕೇಳಲಿಲ್ಲ.

ಮೇಡಂ ತಮ್ಮ ಮಂತ್ರ ಹೇಳಿದರು. ಚೌಡಮ್ಮ, “ಸಂತಿ ದಿನ, ಊಟ ಆದಮ್ಯಾಲೆ. ಅಷ್ಟ ಹೌದಿಲ್ರೀ? ಸಂತಿ ಅಂದ್ರ ನಾ ಮರಿಯೂದೇ ಇಲ್ಲ ಬಿಡ್ರಿ ಡಾಕ್ಟ್ರಮ್ಮ” ಎಂದು ನಕ್ಕರು. ನಾವೂ ನಕ್ಕೆವು. ಇಂಥ ಜಾಣ ಪೇಶೆಂಟು ಸಿಗಬೇಕು ಎಂದುಕೊಂಡೆವು.

ಎರಡು ವಾರ ತುಂಬುವ ಮೊದಲೇ ಈರಪ್ಪನವರ ಮುಖ ಕಿಂಡಿಯಲ್ಲಿ ಕಾಣಿಸಿತು. ಹೊರಗೆ ಮೋಡ ಕವಿದಿತ್ತು, ಒಳಗೆ ಜನ ಕವಿದಿದ್ದರು.

“ಮಾತ್ರಿ ಬೇಕಿತ್ರಿ. ಹಳದೀವು.”

“ಯಜಮಾನ್ರೇ, ಒಂದು ತಿಂಗಳಿಗೆ ಕೊಟ್ಟಿದ್ದೀನಿ. ಇನ್ನೂ ಎರಡು ವಾರ ಆಗಿಲ್ಲ. ಕಳ್ಕೊಂಡ್ರಾ?”

“ಇಲ್ರಿ, ಮುಗದಾವ್ರಿ. ಹೊರಗಿನ ಅಂಗಡ್ಯಾಗ ಒಂದ ಪಟ್ಟಿ ಸಿಕ್ತು, ಅದನ್ನೂ ತಂದಿದ್ವಿ. ಇವತ್ತಿಗೆ ಅವೂ ಕಡೇರಿ.”

ನನ್ನ ಸಿಟ್ಟು ನೆತ್ತಿಗೇರಿತು. “ದಿನಾ ತಿಂದ್ರಾ? ಸಂತೆ ದಿನ ಮಾತ್ರ ಅಂತ ಎಷ್ಟು ಬಡ್ಕೊಂಡ್ವಿ!”

ಈರಪ್ಪ ಗಾಬರಿಯಾದರು. “ಸಂತಿ ದಿನಾನ ತಗೊಂಡಾಳ್ರಿ. ಒಂದ ದಿನ ಶಿರಾಳಕೊಪ್ಪ, ಮರುದಿನ ಶಿಕಾರಿಪುರ, ಆಮ್ಯಾಲೆ ಸೊರಬ, ನಡುವ ಸಣ್ಣಪುಟ್ಟ ಊರು, ಇವತ್ತು ಆನವಟ್ಟಿ. ನಾವು ಮೆಣಸಿನಕಾಯಿ ಯಾಪಾರದವ್ರು ಅಲ್ರೀ, ಒಂದು ಸಂತಿನೂ ತಪ್ಪಸಂಗಿಲ್ಲ.”

ಮಾತ್ರೆ ಪಟ್ಟಿ ಕತ್ತರಿಸುತ್ತಿದ್ದ ಕತ್ತರಿ ಕೆಳಗಿಟ್ಟೆ. ಊರಿಗೊಂದು ಸಂತೆ, ವಾರಕ್ಕೊಂದು ಸಂತೆ ಎಂದು ನಾವು ಲೆಕ್ಕ ಹಾಕಿದ್ದೆವು. ಊರೂರ ಸಂತೆಗಳನ್ನು ಬೆನ್ನು ಹತ್ತಿ ತಿರುಗುವವರೂ ಇದ್ದಾರೆ, ಅವರಿಗೆ ಹೆಚ್ಚುಕಮ್ಮಿ ದಿನಾ ಸಂತೆ ಎನ್ನುವುದು ನಮ್ಮ ಯಾರ ತಲೆಗೂ ಹೊಳೆದಿರಲಿಲ್ಲ.

“ಅವ್ರ ಬಾಯಲ್ಲಿ ಹುಣ್ಣು ಇದ್ಯಾ?” ಎಂದೆ.

“ಭಾಳ ಆಗ್ಯಾವ್ರಿ. ಎರಡ್ ದಿನದಿಂದ ರೊಟ್ಟಿ ಮುಟ್ಟಿಲ್ಲ. ಮೆಣಸಿನಕಾಯಿ ಉಷ್ಣ ಅಂತ ಮಜ್ಜಿಗಿ ಕುಡಿಯಾಕತ್ತಾಳ. ನಿನ್ನೆಯಿಂದ ಮೈ ಬಿಸಿ ಐತಿ. ಯಾಕ್ರೀ?”

“ಇವತ್ತಿನ ಮಾತ್ರೆ ತಗೊಂಡ್ರಾ?”

“ಇಲ್ಲ, ಊಟದ ಹೊತ್ತಿಗೆ. ಅಕಿ ಸಂತ್ಯಾಗ ಕುಂತಾಳ, ಅಕಿ ಎಲಿಅಡಿಕಿ ಚೀಲದಾಗ ಅದಾವು.”

ನಾನು ವಾರ್ಡಿಗೆ ಓಡಿದೆ. ಮೇಡಂ ರೋಗಿಯೊಬ್ಬರ ಎದೆಬಡಿತ ಕೇಳುತ್ತಿದ್ದವರು ನನ್ನ ಮುಖ ನೋಡಿದ್ದೇ ಸ್ಟೆತೊಸ್ಕೋಪು ತೆಗೆದರು. ಎರಡು ಮಾತಿನಲ್ಲಿ ಹೇಳಿದೆ. ಅವರ ದನಿ ಅಲುಗಲಿಲ್ಲ. “ಫೋನ್ ಮಾಡಿ ನಿಲ್ಸು.” ಫೋನು ಈರಪ್ಪನವರ ಜೇಬಿನಲ್ಲಿತ್ತು. ಮನೆಗೆ ಅದೊಂದೇ ಫೋನು. ಸಂತೆಯಲ್ಲಿ ಅವರ ಪಕ್ಕ ಕೂರುವ ಈರುಳ್ಳಿಯವನಿಗೆ ಮಾಡಿದರೆ ರಿಂಗಾಗುತ್ತಲೇ ಇತ್ತು. ಸಂತೆಯ ಗದ್ದಲದಲ್ಲಿ ಯಾರು ಎತ್ತಬೇಕು?

“ಹಾಗಾದ್ರೆ ನೀನು ಹೋಗು ಸುಮಾ,” ಎಂದರು ಮೇಡಂ. “ಇನ್ನೊಂದು ಸಲದ್ದು ಹೊಟ್ಟೆಗೆ ಹೋಗಬಾರದು. ಆಂಬುಲೆನ್ಸ್ ಸೊರಬಕ್ಕೆ ಹೋಗಿದೆ, ಅದನ್ನ ನೇರ ಆನವಟ್ಟಿಗೆ ತಿರುಗಿಸ್ತೀನಿ. ಶಿವಮೊಗ್ಗದಲ್ಲಿ ಇದಕ್ಕೆ ಇಂಜೆಕ್ಷನ್ ಇದೆ, ಅಲ್ಲಿಗೆ ಹೇಳಿಡ್ತೀನಿ. ಓಡು!”

ಕೆಂಪು ಕಪಾಟಿನ ಬೀಗದ ಕೈ ನರ್ಸಿನ ಕೈಗೆ ಎಸೆದು, ಈರಪ್ಪನವರನ್ನು ಹಿಂದೆ ಕೂರಿಸಿಕೊಂಡು ಸ್ಕೂಟಿ ಬಿಟ್ಟೆ. ಅವರು ಹಿಂದೆ ಗಟ್ಟಿಯಾಗಿ ಹಿಡಿದುಕೊಂಡು, “ನಿಧಾನ್ರೀ ಮೇಡಂ, ನಿಧಾನ್ರೀ” ಎನ್ನುತ್ತಾರೆ. ವಿಷಯ ಏನೆಂದು ದಾರಿಯಲ್ಲಿ ಕೂಗಿ ಕೂಗಿ ಹೇಳಿದೆ. ಆಮೇಲೆ, “ಜೋರ್ ಹೊಡೀರಿ ಮೇಡಂ, ಜೋರ್ ಹೊಡೀರಿ!” ಎಂದು ಅವರೇ ಬೆನ್ನು ತಟ್ಟತೊಡಗಿದರು.

ಅದು ಮೆಕ್ಕೆಜೋಳ ಬಿಡಿಸುವ ಕಾಲ. ಶಿರಾಳಕೊಪ್ಪ ದಾಟಿದರೆ ಟಾರು ರಸ್ತೆಯ ಅರ್ಧಕ್ಕೆ ಜೋಳವೇ ಜೋಳ, ಒಣಗಲು ಹರವಿದ್ದಾರೆ. ಅಂಥ ಹೊತ್ತಿನಲ್ಲೇ ಚಿತ್ತೆ ಮಳೆ ಟಪಟಪ ಹನಿಯಲು ಶುರು ಮಾಡಬೇಕೇ! ಇಡೀ ಊರು ರಸ್ತೆಗೆ ಬಿತ್ತು. ಗುಡಿಸುವವರು, ಚೀಲ ಹಿಡಿಯುವವರು, ತಾಡಪಾಲು ಎಳೆಯುವವರು. ನಾನು ಹಾರನ್ನಿನ ಮೇಲಿಟ್ಟ ಹೆಬ್ಬೆರಳು ತೆಗೆಯಲಿಲ್ಲ. ಒಂದು ಕಡೆ ಜೋಳದ ಮೇಲೇ ಹೋಗಿಬಿಟ್ಟೆ, ಸ್ಕೂಟಿ ಓಲಾಡಿ ಇನ್ನೇನು ಬಿತ್ತು ಅನ್ನುವಾಗ ಈರಪ್ಪ ಕಾಲು ಕೊಟ್ಟು ನಿಲ್ಲಿಸಿದರು. ಮುದುಕಿಯೊಬ್ಬಳು ಪೊರಕೆ ಎತ್ತಿಕೊಂಡೇ ಬಂದಳು. “ಕಣ್ಣು ಕಾಣ್ಸಂಗಿಲ್ಲೇನೇ ನಿನಗ? ಅನ್ನದ ಮ್ಯಾಲೆ ಗಾಡಿ ಹತ್ತಸ್ತಿಯಲ್ಲ!” ಸಣ್ಣ ದನಿಯ ಈರಪ್ಪ ಆಕಾಶ ಹರಿಯುವಂತೆ ಕೂಗಿದರು, “ಹೆಂಡ್ತಿ ಸಾಯ್ತಾಳಬೇ ಯವ್ವಾ, ದಾರಿ ಬಿಡು!” ಮುದುಕಿ ಪೊರಕೆ ಕೆಳಗೆ ಹಾಕಿದಳು. ಆಮೇಲೆ ನೋಡಬೇಕಿತ್ತು. “ಏ, ಗಾಡಿ ಬಿಡ್ರೋ, ಬಿಡ್ರೋ” ಎಂದು ಆಕೆಯೇ ಶುರು ಮಾಡಿದಳು, ಮುಂದಿನವರು ಅದನ್ನೇ ಕೂಗಿದರು, ಅವರ ಮುಂದಿನವರು ತಾಡಪಾಲು ಎಳೆದು ಜಾಗ ಮಾಡಿದರು. ನನ್ನ ಸ್ಕೂಟಿಗಿಂತ ಮುಂಚೆ ಆ ಕೂಗು ಓಡುತ್ತಿತ್ತು. ನೆನೆಯುತ್ತಿರುವ ತಮ್ಮ ಜೋಳ ಬಿಟ್ಟು ನಮಗೆ ದಾರಿ ಕೊಟ್ಟರಲ್ಲ, ಆ ಜನಕ್ಕೆ ಎಷ್ಟು ಕೈಮುಗಿದರೂ ಕಡಿಮೆಯೇ.

ಆನವಟ್ಟಿಯಲ್ಲಿ ಮಳೆಯಿರಲಿಲ್ಲ, ಸಂತೆ ತುಂಬಿ ತುಳುಕುತ್ತಿತ್ತು. ಊಟದ ಹೊತ್ತು ಆಗಿಹೋಗಿತ್ತು. ಈರಪ್ಪ ತಮ್ಮ ಮಾಮೂಲಿ ಜಾಗಕ್ಕೆ ಓಡಿದರು, ಅಲ್ಲಿ ಯಾರೋ ಬಕೆಟ್ಟು ಮಾರುವವರು ಕೂತಿದ್ದರು. “ಜಾಗ ಬದ್ಲಾಗೇತಿ, ಎಲ್ಲಿ ಕುಂತಾಳೋ!” ಎಂದು ತಲೆ ಮೇಲೆ ಕೈ ಹೊತ್ತರು. ಸಾಲು ಸಾಲು ಅಂಗಡಿ, ಎಲ್ಲಿ ಅಂತ ಹುಡುಕುವುದು? ಪಕ್ಕದಲ್ಲೇ ಸಿದ್ಧ ಉಡುಪು ಮಾರುವವನೊಬ್ಬ ಬ್ಯಾಟರಿ ಮೈಕಿನಲ್ಲಿ “ಬರ್ರಿ ಅಕ್ಕಾ, ಬರ್ರಿ ಅಣ್ಣಾ” ಎಂದು ಅರಚುತ್ತಿದ್ದ. ಕೇಳಲಿಲ್ಲ ಬಿಡಲಿಲ್ಲ, ಅವನ ಕೈಯಿಂದ ಮೈಕು ಕಿತ್ತುಕೊಂಡೆ.

“ಮೆಣಸಿನಕಾಯಿ ಚೌಡಮ್ಮಾರೇ! ಎಲ್ಲಿದ್ದೀರಿ? ಆಸ್ಪತ್ರೆ ಕಿಟಕಿ ಮೇಡಂ ಮಾತಾಡ್ತಾ ಇರೋದು! ಮಾತ್ರೆ ನುಂಗಬೇಡಿ! ಹಳದಿ ಮಾತ್ರೆ ನುಂಗಬೇಡಿ! ಯಾರಾದ್ರೂ ಅವ್ರ ಹತ್ರ ಇದ್ರೆ ಕೈ ಹಿಡ್ಕೊಳ್ಳಿ!”

ತಕ್ಕಡಿಗಳೆಲ್ಲ ನಿಂತವು, ತಲೆಗಳೆಲ್ಲ ಮೈಕಿನತ್ತ ತಿರುಗಿದವು. ಆಮೇಲೆ ಒಂದು ಮೂಲೆಯಿಂದ, “ಇಲ್ಲೆ ಅದಾಳ್ರೀ! ಇಲ್ಲಿ! ತೆಂಗಿನಕಾಯಿ ಸಾಲಿನಾಗ!” ಎಂದು ಯಾರೋ ಟವೆಲ್ಲು ಬೀಸಿದರು. ಬಾಳೆಗೊನೆ ದಾಟಿ, ಕೊತ್ತಂಬರಿ ಕಟ್ಟು ತುಳಿದು, ಬೈಸಿಕೊಂಡು ಓಡಿದೆ. ಕೆಂಪನೆಯ ರಾಶಿಯ ಹಿಂದೆ ಚೌಡಮ್ಮ ಕೂತಿದ್ದರು. ಒಂದು ಕೈಯಲ್ಲಿ ಮಜ್ಜಿಗೆ ಲೋಟ, ಇನ್ನೊಂದು ಕೈಯ ಊದಿದ ಬೆರಳುಗಳ ನಡುವೆ ಆ ಹಳದಿ ಮಾತ್ರೆಗಳು. ಆ ಕೈಯನ್ನು ತೆಂಗಿನಕಾಯಿಯವಳು ಮಣಿಕಟ್ಟಿನ ಹತ್ತಿರ ಗಟ್ಟಿಯಾಗಿ ಹಿಡಿದಿದ್ದಳು.

“ನುಂಗಿದ್ರಾ?”

“ಎಲ್ಲಿ ನುಂಗ್ಲಿ? ಈ ಪುಣ್ಯಾತ್ಮ ಆಗಿಂದ ಚೌಕಾಶಿ ಮಾಡಾಕತ್ತಾನ” ಎಂದು ಚೌಡಮ್ಮ ಎದುರಿಗಿದ್ದ ಗಿರಾಕಿಯನ್ನು ತೋರಿಸಿದರು. ತುಟಿಯೆಲ್ಲ ಒಡೆದು ಮಾತು ತೊದಲುತ್ತಿತ್ತು. ಆ ಗಿರಾಕಿ ಚೀಲ ಹಿಡಿದುಕೊಂಡು ಪಿಳಿಪಿಳಿ ನೋಡುತ್ತಿದ್ದ. ನಾನು ಅವನಿಗೆ ಕೈ ಮುಗಿದೆ. ಯಾಕೆಂದು ಅವನಿಗೆ ಪಾಪ ಇವತ್ತಿಗೂ ಗೊತ್ತಿರಲಿಕ್ಕಿಲ್ಲ.

ಮಾತ್ರೆ ಕಸಿದುಕೊಂಡು ಹಣೆ ಮುಟ್ಟಿದೆ, ಕೆಂಡದ ಹಾಗೆ ಸುಡುತ್ತಿತ್ತು. ವಿಷಯ ಹೇಳಿದೆ. ಚೌಡಮ್ಮನ ಕಣ್ಣು ಕೆಂಪಾದವು. “ಸಂತಿ ದಿನ ತಗೋ ಅಂದೋರು ನೀವ! ನಾನೇನ್ ತಪ್ಪ ಮಾಡೀನಿ? ಬಾಯಿ ಸುಟ್ಟಂಗ ಆದ್ರೂ ಒಂದ ದಿನ ತಪ್ಪಿಸಿಲ್ಲ ನಾನು, ಡಾಕ್ಟ್ರಮ್ಮನ ಮಾತು ಅಂತ!” ಸುತ್ತ ನೆರೆದ ಅಷ್ಟೂ ಜನ ನನ್ನ ಮುಖ ನೋಡಿದರು. ಅವರು ಹೇಳಿದ್ದು ಅಕ್ಷರಶಃ ನಿಜ. ಹೇಳಿದ್ದನ್ನು ಅಷ್ಟು ನಿಷ್ಠೆಯಿಂದ ಮಾಡಿದ್ದಕ್ಕೇ ಅವರ ಜೀವಕ್ಕೆ ಕುತ್ತು ಬಂದಿತ್ತು.

ಆಂಬುಲೆನ್ಸ್ ಬಂತು. ತೆಂಗಿನಕಾಯಿಯವಳು ಮೆಣಸಿನಕಾಯಿ ರಾಶಿಯನ್ನು ತನ್ನ ಸಾಲಿಗೆ ಎಳೆದುಕೊಂಡು, “ನೀ ಹೋಗು ಚೌಡಕ್ಕ, ಯಾಪಾರ ನಾ ನೋಡ್ಕಂತೀನಿ” ಎಂದಳು. ಶಿವಮೊಗ್ಗದವರೆಗೆ ನಾನು ಚೌಡಮ್ಮನ ಪಕ್ಕ ಕೂತೆ. ಅರ್ಧ ದಾರಿಯವರೆಗೆ ಬೈದರು. ಆಮೇಲೆ ಬೈಯಲೂ ಆಗದೆ ಕಣ್ಣು ಮುಚ್ಚಿದರು. ಅದು ಬೈಗುಳಕ್ಕಿಂತ ಕಷ್ಟವಾಯಿತು.

ರಕ್ತ ಪರೀಕ್ಷೆಯಲ್ಲಿ ಬಿಳಿ ರಕ್ತಕಣಗಳು ತಳ ಕಂಡಿದ್ದವು. ಆ ಸ್ಥಿತಿಯಲ್ಲಿ ಸಣ್ಣ ನೆಗಡಿಯೂ ಮನುಷ್ಯರನ್ನು ಕೊಂಡೊಯ್ಯಬಹುದು. ಬೇರೆ ಕೋಣೆಯಲ್ಲಿಟ್ಟು ಮಾತ್ರೆಯ ವಿಷ ಮುರಿಯುವ ಇಂಜೆಕ್ಷನ್ ಶುರು ಮಾಡಿದರು. ಯಾರೂ ಒಳಗೆ ಹೋಗುವ ಹಾಗಿಲ್ಲ. ಮರುದಿನ ಒಂದು ಲಗೇಜ್ ಗಾಡಿಯ ತುಂಬ ಸಂತೆಯ ಜನ ಬಂದಿಳಿದರು, ಬಳೆಯವರು, ಈರುಳ್ಳಿಯವರು, ಹಗ್ಗದವರು. ಬಿಡದಿದ್ದಕ್ಕೆ ಗೇಟಿನ ಹತ್ತಿರವೇ ಕೂತು ಬುತ್ತಿ ಬಿಚ್ಚಿದರು. ಅಲ್ಲಿನ ಡಾಕ್ಟರು ಈರಪ್ಪನಿಗೆ, “ಇನ್ನು ಒಂದು ವಾರ ಇದೇ ಮಾತ್ರೆ ಹೊಟ್ಟೆಗೆ ಹೋಗಿದ್ರೆ ನಮ್ಮ ಕೈಲಿ ಏನೂ ಇರ್ತಿರ್ಲಿಲ್ಲ” ಎಂದರಂತೆ. ಅದನ್ನು ಕೇಳಿದಾಗ ಮೇಡಂ ನನ್ನ ಭುಜ ಹಿಡಿದುಕೊಂಡರು. ತಿಂಗಳಿಗಾಗುವಷ್ಟೇ ಕೊಡು ಎಂಬ ಅವರ ಹಟವಿಲ್ಲದಿದ್ದರೆ ಈರಪ್ಪ ಅಷ್ಟು ಬೇಗ ಕಿಟಕಿಗೆ ಬರುತ್ತಲೇ ಇರಲಿಲ್ಲ. ಮೂರು ತಿಂಗಳದ್ದು ಒಟ್ಟಿಗೇ ಕೊಟ್ಟಿದ್ದರೆ?

ಮೇಡಂ ಯಾರ ಮೇಲೂ ಹಾರಾಡಲಿಲ್ಲ. ಎಲ್ಲರನ್ನೂ ಕೂರಿಸಿಕೊಂಡು, “ಚೌಡಮ್ಮ ತಪ್ಪು ಮಾಡ್ಲಿಲ್ಲ. ನಾವು ಅವರ ವಾರ ಹೇಗಿರುತ್ತೆ ಅಂತ ಕೇಳ್ಲೇ ಇಲ್ಲ. ಇನ್ಮೇಲೆ ಮೊದಲು ಕೇಳೋದು, ಆಮೇಲೆ ಹೇಳೋದು. ಹೇಳಿದ್ದನ್ನ ಅವರ ಬಾಯಿಂದ ಅವರ ಮಾತಲ್ಲೇ ವಾಪಸ್ ಹೇಳಿಸೋದು” ಎಂದರು. ಅಂದೇ ಕೂತು ಹಳದಿ ಮಾತ್ರೆಯ ಅಷ್ಟೂ ಜನರಿಗೆ ಫೋನು ಹಚ್ಚಿದೆವು. ಫೋನಿಲ್ಲದವರ ಮನೆಗೆ ಆಶಾ ಕಾರ್ಯಕರ್ತೆಯರನ್ನು ಓಡಿಸಿದೆವು. ಉಳಿದವರೆಲ್ಲ ಸರಿಯಾಗಿಯೇ ತೆಗೆದುಕೊಳ್ಳುತ್ತಿದ್ದರು. ಆಗ ನಾನು ಒಂದು ಲೋಟ ನೀರು ಕುಡಿದೆ, ಬೆಳಗಿನಿಂದ ಕುಡಿದಿರಲಿಲ್ಲ.

ಚೌಡಮ್ಮನ ರಕ್ತಕಣಗಳು ಏರುತ್ತಿವೆ, ಜ್ವರ ಇಳಿದಿದೆ, ಗಂಜಿ ಕುಡಿದರು ಎಂದು ಶಿವಮೊಗ್ಗದಿಂದ ಸುದ್ದಿ ಬಂದ ದಿನ ಕಿಟಕಿಯ ಒಳಗೇ ಕುಣಿದುಬಿಟ್ಟೆ ನೋಡಿ! ಸಾಲಿನಲ್ಲಿದ್ದವರು, “ಏನಾತ್ರಿ ಮೇಡಂ, ಲಾಟರಿ ಹೊಡೀತಾ?” ಎಂದರು. “ಅದಕ್ಕಿಂತ ದೊಡ್ಡದು” ಎಂದೆ. ಅಂದು ಯಾರ ಮೇಲೂ ರೇಗಲಿಲ್ಲ.

ಆದರೆ ಕತೆ ಅಲ್ಲಿಗೆ ಮುಗಿಯಲಿಲ್ಲ. ಬಾಯಿ ವಾಸಿಯಾಗಿ ಮನೆಗೆ ಬಂದ ಚೌಡಮ್ಮನ ಕೈ ದಿನದಿಂದ ದಿನಕ್ಕೆ ಮುಚ್ಚಿಕೊಳ್ಳತೊಡಗಿತು. ತಕ್ಕಡಿ ಹಿಡಿಯಲಾಗದು, ಸೆರಗು ಸಿಕ್ಕಿಸಲಾಗದು, ತಲೆ ಬಾಚಲು ಈರಪ್ಪ ಬೇಕು. ರಕ್ತ ಪೂರ್ತಿ ಸರಿಯಾದ ಮೇಲೆ, ಕಮ್ಮಿ ಪ್ರಮಾಣದಲ್ಲಿ ಅದೇ ಮಾತ್ರೆ ಮತ್ತೆ ಶುರು ಮಾಡಬಹುದೆಂದು ಶಿವಮೊಗ್ಗದವರೂ ಹೇಳಿದರು, ಮೇಡಂ ಕೂಡ ಹೇಳಿದರು. ಚೌಡಮ್ಮನದು ಒಂದೇ ಮಾತು. “ಆ ಹಳದಿ ಮಾತ್ರಿ ನಮ್ಮ ಹೊಸ್ತಿಲ ದಾಟಬಾರದು.” ಅವರನ್ನು ಬೈಯುವುದು ಹೇಗೆ? ಆ ಮಾತ್ರೆಯಿಲ್ಲದೆ ಸಂತೆಯಿಲ್ಲ, ಸಂತೆಯಿಲ್ಲದೆ ಆ ಹೆಂಗಸಿಗೆ ಬದುಕಿಲ್ಲ. ಅದನ್ನು ಕೈಗೆತ್ತಿಕೊಳ್ಳಬೇಕೆಂದರೆ ಮತ್ತೆ ನಮ್ಮನ್ನು ನಂಬಬೇಕು.

ಹಿಂಗಾರು ಮುಗಿದು ಚಳಿ ಬಿದ್ದ ಮೇಲೆ ನಾನೇ ಅವರ ಮನೆಗೆ ಹೋದೆ. ಜಗಲಿಯ ಮೇಲೆ ಬಿಸಿಲಿಗೆ ಕೈ ಚಾಚಿಕೊಂಡು ಕೂತಿದ್ದರು. ಕುಂಕುಮವೂ ಸೊಟ್ಟಗಿತ್ತು.

“ಯಾಕ ಬಂದೀ ತಂಗಿ? ಮಾತ್ರಿ ತಂದಿದ್ರ ಹಂಗ ತಿರುಗಿ ಹೋಗು.”

“ತಂದಿಲ್ಲ ಚೌಡಕ್ಕ. ಒಂದು ಮಾತು ಕೇಳಾಕೆ ಬ... ಕೇಳೋಕೆ ಬಂದೆ,” ಎಂದೆ. ಅವರ ಮಾತು ನನ್ನ ನಾಲಿಗೆಗೂ ಹತ್ತಿಬಿಟ್ಟಿತ್ತು. “ನಿಮ್ಮ ವಾರದಲ್ಲಿ ಯಾವ ಸಂತೆಗೂ ಹೋಗದ ದಿನ ಅಂತ ಒಂದು ಇದ್ಯಾ?”

“ಇರದಂಗ? ಅವತ್ತ ಎರಕೊಳ್ಳೂದು, ಅರಿವಿ ಒಗಿಯೂದು, ಚೀಲ ಹೊಲಿಯೂದು. ಅದೊಂದ ದಿನ ನಾ ಮನ್ಯಾಗಿರ್ತೀನಿ.”

“ಆ ದಿನ ನಾನು ಬರ್ತೀನಿ. ಮಾತ್ರೆ ನನ್ನ ಹತ್ರನೇ ಇರ್ಲಿ. ನಾನು ಬಂದ್ರೆ ಮಾತ್ರೆ, ಬರ್ಲಿಲ್ಲ ಅಂದ್ರೆ ಇಲ್ಲ. ಆಗ್ಬಹುದಾ?”

ಚೌಡಮ್ಮ ಜಗಲಿಯ ತುದಿಗೆ ಸರಿದು ನನಗೆ ಜಾಗ ಮಾಡಿಕೊಟ್ಟರು. ಆಮೇಲೆ, “ಮೊದ್ಲು ಚಾ ಕುಡಿ” ಎಂದರು. ಅದನ್ನು ನಾನು ಒಪ್ಪಿಗೆ ಎಂದೇ ತೆಗೆದುಕೊಂಡೆ.

ಚಳಿಗಾಲವೆಲ್ಲ ವಾರವಾರ ಆ ದಾರಿ ತುಳಿದೆ. ಮೇಡಂ ಆಗಾಗ ರಕ್ತ ಪರೀಕ್ಷೆ ಮಾಡಿಸುತ್ತಿದ್ದರು. ನಾನು ಮಾತ್ರೆಯನ್ನು ಅವರ ಕೈಗೆ ಹಾಕುವುದು, ಅವರು ದೇವರಿಗೆ ಕೈಮುಗಿದು, ನನ್ನನ್ನೊಮ್ಮೆ ದುರುಗುಟ್ಟಿ ನೋಡಿ ಕಣ್ಣು ಮುಚ್ಚಿ ನುಂಗುವುದು. ಮೆಲ್ಲಗೆ ಬೆರಳು ಬಿಚ್ಚತೊಡಗಿದವು. ಒಂದು ದಿನ ಜಡೆ ತಾವೇ ಹೆಣೆದುಕೊಂಡಿದ್ದರು. ಇನ್ನೊಂದು ದಿನ ನನ್ನ ಕೆನ್ನೆ ಹಿಂಡಿದರು, ಎಂಥ ನೋವು ಅಂತೀರಿ! ಅಷ್ಟು ಸಂತೋಷದ ನೋವು ನನಗೆ ಬೇರೆ ಆಗಿಲ್ಲ. ಅವರು ಸಂತೆಗಳಿಗೂ ಮರಳಿದರು.

ಅಷ್ಟರಲ್ಲಿ ನನಗೆ ದಾವಣಗೆರೆಯಲ್ಲಿ ಕೆಲಸವಾಯಿತು. ಹೋಗಲೇಬೇಕು. ಕೊನೆಯ ಸಲ ಅವರ ಮನೆಗೆ ಹೋಗುವಾಗ ದಾರಿಯುದ್ದಕ್ಕೂ ಒಂದೇ ಯೋಚನೆ. ಇನ್ನು ಮೇಲೆ ಇವರಿಗೆ ಯಾರು? ಈರಪ್ಪನಿಗೆ ಹೇಳಿಕೊಡಲೇ, ಆಶಾ ಕಾರ್ಯಕರ್ತೆಗೆ ಒಪ್ಪಿಸಲೇ? ನನ್ನ ಕೈಯಿಂದಲ್ಲದೆ ಬೇರೆಯವರಿಂದ ತೆಗೆದುಕೊಂಡಾರೆಯೇ? ಬಿಟ್ಟುಬಿಟ್ಟರೆ ಆ ಕೈ ಮತ್ತೆ ಮುಚ್ಚಿಕೊಳ್ಳುತ್ತದೆ. ಹೇಗೋ ಧೈರ್ಯ ಮಾಡಿ ಹೇಳಿದೆ.

ಚೌಡಮ್ಮ ತಲೆಗೆ ಎರೆದುಕೊಂಡು ಕೂದಲು ಒಣಗಿಸುತ್ತಿದ್ದರು. “ಹೋಗ್ತೀಯಾ?” ಎಂದರು. ಎದ್ದು ಒಳಗೆ ಹೋದರು. ಸಿಟ್ಟು ಬಂತೇನೋ ಎಂದುಕೊಂಡೆ. ಒಂದು ಚೊಂಬು ನೀರು ಹಿಡಿದುಕೊಂಡು ಹೊರಗೆ ಬಂದರು, ನನ್ನ ಮುಂದೆ ಕೈ ಚಾಚಿದರು.

“ಕೊಡಿಲ್ಲಿ. ಎಲ್ಲಾನೂ ಕೊಡು, ಪಟ್ಟಿನೇ ಕೊಡು.”

ತಿಂಗಳಿಗಾಗುವ ಮಾತ್ರೆ ಕೊಟ್ಟೆ. ಅಂದಿನದನ್ನು ತಾವೇ ಬೆರಳಿನಿಂದ ಒತ್ತಿ ಅಂಗೈಗೆ ಬೀಳಿಸಿಕೊಂಡರು. ಉಳಿದದ್ದನ್ನು ಮಡಚಿ ಸೊಂಟಕ್ಕೆ ಸಿಕ್ಕಿಸಿದರು. ಆಮೇಲೆ ಅಂಗಳದಲ್ಲಿದ್ದ ಗಂಡನಿಗೆ ಕೇಳುವಂತೆ ಗಟ್ಟಿಯಾಗಿ, ಆಸ್ಪತ್ರೆಯಲ್ಲಿ ನಾವು ಕೆಂಪು ಕಪಾಟಿನ ಮುಂದೆ ನಿಂತು ಓದುತ್ತಿದ್ದೆವಲ್ಲ, ಅದಕ್ಕಿಂತ ಗಟ್ಟಿಯಾಗಿ ಹೇಳಿದರು.

“ಇವತ್ತ ಶಿರಾಳಕೊಪ್ಪ ಇಲ್ಲ. ಶಿಕಾರಿಪುರ ಇಲ್ಲ. ಸೊರಬ ಇಲ್ಲ, ಆನವಟ್ಟಿ ಇಲ್ಲ. ಯಾವ ಸಂತಿನೂ ಇಲ್ಲ, ತಲಿಗೆ ಎರಕೊಂಡೀನಿ. ಇವತ್ತ ಒಂದ ದಿನ ತಗೊಳ್ಳೂದು. ಹೌದಿಲ್ಲೋ ತಂಗಿ?”

“ಹೌದು” ಎಂದೆ.

ಈ ಸಲ ಕಣ್ಣು ಮುಚ್ಚಲಿಲ್ಲ. ನನ್ನ ಮುಖ ನೋಡುತ್ತಲೇ ಮಾತ್ರೆ ಬಾಯಿಗೆ ಹಾಕಿಕೊಂಡು, ಚೊಂಬೆತ್ತಿ ಗಟಗಟ ನೀರು ಕುಡಿದು, ಸೆರಗಿನಿಂದ ಬಾಯಿ ಒರೆಸಿಕೊಂಡರು.

“ಅಲ್ಲಬೇ, ಮಾತ್ರಿ ನುಂಗಿದಾಕಿ ನಾನು. ನಿನ್ನ ಕಣ್ಣಾಗ ಯಾಕ ನೀರು?”